ಸಾಹುಕಾರನ ಬಕೆಟ್ಟಿಗೆ ಮುಚ್ಚಳ

ಸಾಹುಕಾರ ಬೆಳಗಿನಿಂದ ಹಲ್ಲು ಕಡಿಯುತ್ತಿದ್ದ. ಸಾಹುಕಾರ ಅಂದರೆ ಮನುಷ್ಯನಲ್ಲ, ದೊಡ್ಡಕ್ಕನ ಟಗರು. ಹಿಂಗಾಲು ಅಗಲಿಸಿ ನಿಲ್ಲುತ್ತಾನೆ, ತಿಣುಕುತ್ತಾನೆ, ನರಳುತ್ತಾನೆ. ಒಂದು ಹನಿ ಉಚ್ಚೆ ಬಿದ್ದರೆ ಹೆಚ್ಚು. ಮುಂದಿಟ್ಟ ಬೂಸಾವನ್ನು ಮೂಸಿಯೂ ನೋಡಲಿಲ್ಲ. ತಬ್ಬಲಿ ಮರಿಗೆ ಬಾಟಲಿ ಹಾಲು ಕುಡಿಸಿ ಸಾಕಿದವಳು ದೊಡ್ಡಕ್ಕ. ಅವನ ಪಕ್ಕದಿಂದ ಕದಲಲೇ ಇಲ್ಲ.

"ಇದು ಅವಳದೇ ಕೆಲಸ. ಏನೋ ಮದ್ದು ಹಾಕಿದ್ದಾಳೆ," ಎಂದಳು ಗಂಡನಿಗೆ.

ಅವಳು ಅಂದರೆ ವಾರಗಿತ್ತಿ, ಗಂಡನ ತಮ್ಮನ ಹೆಂಡತಿ. ಎರಡೂ ಮನೆಯ ಕೊಟ್ಟಿಗೆಗಳ ನಡುವೆ ಒಂದೇ ಗೋಡೆ. ಒಂದು ಸಂಜೆ ಆಕೆ ಸಾಹುಕಾರನ ನೀರಿನ ಬಕೆಟ್ಟಿನ ಮೇಲೆ ಬಗ್ಗಿದ್ದನ್ನು ದೊಡ್ಡಕ್ಕ ಕಣ್ಣಾರೆ ಕಂಡಿದ್ದಳು. ಕೇಳಲಿಲ್ಲ, ಮಾತೇ ಬಿಟ್ಟಳು. ಅಂದಿನಿಂದ ಬಕೆಟ್ಟಿಗೆ ಮುಚ್ಚಳ, ಮುಚ್ಚಳದ ಮೇಲೆ ಕಲ್ಲು. ಬೆಳಿಗ್ಗೆ ಒಮ್ಮೆ ತಾನೇ ನಿಂತು ನೀರು ಕುಡಿಸಿದರೆ ಮುಗಿಯಿತು. ಹೊರಗೆ ಮೇಯಲು ಬಿಡುವುದೂ ನಿಂತಿತು. ಅಲ್ಲಿ ಆಕೆಯ ಕುರಿಗಳೂ ಇರುತ್ತವಲ್ಲ!

"ಸುಮ್ನಿರೇ, ಮೂಕಪ್ರಾಣಿಗೆ ಮದ್ದು ಹಾಕಿ ಅವಳಿಗೇನು ಬರುತ್ತೆ?" ಎಂದ ಗಂಡ.

"ಹೊಟ್ಟೆಕಿಚ್ಚು! ಅದೇ ಬೂಸಾ ತಿಂದ ನಮ್ಮ ಹೆಣ್ಣು ಕುರಿಗಳು ಗುಂಡುಕಲ್ಲಿನ ಹಾಗಿವೆ. ಇವನೊಬ್ಬನಿಗೇ ಯಾಕೆ ಹೀಗೆ? ಹೇಳಿ ನೋಡೋಣ."

ಅಷ್ಟರಲ್ಲಿ ಬಾಗಿಲ ಮುಂದೆ ಸ್ಕೂಟರ್ ನಿಂತಿತು. ಇಳಿದದ್ದು ಪಶುವೈದ್ಯೆ, ಹಿಂದಿನ ಸೀಟಿನಲ್ಲಿ ವಾರಗಿತ್ತಿ! ದೊಡ್ಡಕ್ಕ ಕೊಟ್ಟಿಗೆಗೆ ಅಡ್ಡ ನಿಂತಳು.

"ಇವಳನ್ನ ಕರೆದವರು ಯಾರು?"

"ಗೋಡೆಯಾಚೆ ಅದು ನರಳೋದು ಕೇಳಿಸ್ತಿತ್ತು, ಅಕ್ಕ. ತಡೆಯೋಕಾಗ್ಲಿಲ್ಲ, ಡಾಕ್ಟ್ರನ್ನ ಕರ್ಕೊಂಡು ಬಂದೆ," ಎಂದಳು ವಾರಗಿತ್ತಿ.

"ಜಗಳ ಆಮೇಲೆ ಆಡಿ," ಎಂದರು ಡಾಕ್ಟರಮ್ಮ. "ಮೂತ್ರಚೀಲ ಒಡೆದರೆ ಟಗರು ಉಳಿಯಲ್ಲ."

ಆ ಮಾತಿಗೆ ದೊಡ್ಡಕ್ಕ ಸರಿದಳು. ಕಣ್ಣು ಮಾತ್ರ ವಾರಗಿತ್ತಿಯ ಕೈಮೇಲೇ ಇತ್ತು.

ಗಂಡ ಟಗರನ್ನು ಕುಂಡೆಯ ಮೇಲೆ ಕೂರಿಸಿ ಹಿಡಿದ. ಡಾಕ್ಟರಮ್ಮ ನೋವು ತಿಳಿಯದಂತೆ ಇಂಜೆಕ್ಷನ್ ಕೊಟ್ಟು, ಮೂತ್ರದ ದಾರಿಯ ತುದಿಯಲ್ಲಿ ದಾರದಂತಿದ್ದ ಭಾಗವನ್ನು ಕತ್ತರಿಸಿದರು. ಸಾಸಿವೆಯಷ್ಟು ಹರಳೊಂದು ಉದುರಿತು. ಹಿಂದೆಯೇ ಚಿಮ್ಮಿದ ಉಚ್ಚೆ ಗಂಡನ ಅಂಗಿಯನ್ನೆಲ್ಲ ತೋಯಿಸಿತು. ಅಂಗಿ ತೋಯ್ದುದಕ್ಕೆ ಅಷ್ಟು ಖುಷಿಪಟ್ಟವನನ್ನು ಎಲ್ಲೂ ಕಾಣೆವು.

ದೊಡ್ಡಕ್ಕ ಹರಳನ್ನು ಅಂಗೈಯಲ್ಲಿಟ್ಟು ನೋಡಿದಳು. "ಇದನ್ನ ಯಾರೋ ತಿನ್ನಿಸಿದ್ದಾರೆ."

"ಯಾರೂ ತಿನ್ನಿಸಿಲ್ಲಮ್ಮ, ಒಳಗೇ ಹುಟ್ಟಿದ್ದು. ಏನು ಮೇವು ಹಾಕ್ತೀರಿ?"

"ಬೂಸಾ, ಮೆಕ್ಕೆಜೋಳ. ಹೊಟ್ಟೆಗೆ ಕಮ್ಮಿ ಮಾಡಿಲ್ಲ!"

"ಹುಲ್ಲು?"

"ನಮ್ಮ ಸಾಹುಕಾರನಿಗೆ ಹುಲ್ಲಾ?"

"ಅಲ್ಲೇ ಎಡವಟ್ಟಾಗಿದ್ದು. ಕಾಳು, ಬೂಸಾದಲ್ಲಿ ರಂಜಕ, ಅಂದ್ರೆ ಫಾಸ್ಫರಸ್, ಜಾಸ್ತಿ, ಸುಣ್ಣದ ಅಂಶ ಕಮ್ಮಿ. ಹುಲ್ಲು ಸೊಪ್ಪು ಇಲ್ಲದೆ ಅದನ್ನೇ ತಿಂದ್ರೆ ಮೂತ್ರದಲ್ಲಿ ಹರಳು ಕಟ್ಟುತ್ತೆ. ನೀರು ಕಮ್ಮಿಯಾದ್ರಂತೂ ಇನ್ನೂ ಬೇಗ."

"ಮತ್ತೆ ಹೆಣ್ಣು ಕುರಿಗಳಿಗೆ?"

"ಅವುಗಳ ದಾರಿ ಅಗಲ, ಹರಳು ಜಾರಿ ಹೋಗುತ್ತೆ. ಗಂಡಿನದು ಸಣ್ಣ, ಸೊಟ್ಟ ದಾರಿ. ಸಿಕ್ಕಿಹಾಕ್ಕೊಳ್ಳುತ್ತೆ." ಡಾಕ್ಟರಮ್ಮನ ಕಣ್ಣು ಬಕೆಟ್ಟಿನ ಮೇಲೆ ಬಿತ್ತು. "ಇದೇನು, ನೀರಿಗೆ ಬೀಗ ಹಾಕಿದ್ದೀರಾ?"

ವಾರಗಿತ್ತಿ ಮೆಲ್ಲಗೆ ಹೇಳಿದಳು: "ಅವತ್ತು ಬಕೆಟ್ ಖಾಲಿಯಿತ್ತು, ಅಕ್ಕ. ನೀರು ತುಂಬಿಸ್ತಿದ್ದೆ, ಅಷ್ಟೇ."

ದೊಡ್ಡಕ್ಕನಿಗೆ ತಲೆಯೆತ್ತಲು ನಾಚಿಕೆಯಾಯಿತು. ಬಗ್ಗಿ ಕಲ್ಲನ್ನು ಎತ್ತಿ ಅಂಗಳಕ್ಕೆ ಎಸೆದಳು, ಮುಚ್ಚಳವನ್ನೂ ಎಸೆದಳು. ಗದರುವ ದನಿಯಲ್ಲೇ ವಾರಗಿತ್ತಿಗೆ ಅಂದಳು: "ನಿಂತ್ಕೊಂಡು ಏನು ನೋಡ್ತೀಯ? ಹೋಗು, ಒಂದು ಕೊಡ ನೀರು ತಗೊಂಡು ಬಾ."

"ಇನ್ನೂ ಹರಳು ಇರಬಹುದು, ನಾಳೆ ಬಂದು ನೋಡ್ತೀನಿ," ಎಂದು ಡಾಕ್ಟರಮ್ಮ ಹೊರಟರು. ಗಂಡ ಆಗಲೇ ಕುಡುಗೋಲು ಹಿಡಿದು ಹುಲ್ಲಿಗೆ ಹೊರಟಿದ್ದ.

ಟಗರು ಸಾಕುವ ಅಕ್ಕ, ಅಣ್ಣಂದಿರೇ, ನಿಮ್ಮ ಕೊಟ್ಟಿಗೆಯಲ್ಲೂ ಇಂಥ ಮುದ್ದಿನ ಸಾಹುಕಾರ ಇರಬಹುದು. ಹೊಟ್ಟೆ ತುಂಬ ಹುಲ್ಲು ಸೊಪ್ಪು ಕೊಡಿ, ಕಾಳು ಬೂಸಾ ಮಿತವಾಗಿರಲಿ, ಶುದ್ಧ ನೀರು ಹಗಲೂ ರಾತ್ರಿ ಮುಂದಿರಲಿ. ಅದು ಉಚ್ಚೆಗೆ ತಿಣುಕುವುದು ಕಂಡರೆ ಮನೆಮದ್ದು ಮಾಡುತ್ತಾ ಕೂರಬೇಡಿ, ತಕ್ಷಣ ಪಶುವೈದ್ಯರನ್ನು ಕರೆಸಿ. ಪಕ್ಕದ ಮನೆಯವರ ಮೇಲೆ ಅನುಮಾನ ಬಂತೇ? ಅದಕ್ಕೆ ಮುಂಚೆ ಒಮ್ಮೆ ಬಕೆಟ್ಟಿನೊಳಗೆ ಇಣುಕಿ ನೋಡಿ.