ಅರ್ಧ ಮಾತ್ರೆ

ಹೆಂಡತಿಯ ಕಾಲು ಉಳುಕಿದ್ದರೆ ದರ್ಜಿ ಬೀದಿಗೆಲ್ಲ ಹೇಳಿಕೊಂಡು ಬರುತ್ತಿದ್ದ. ಆದರೆ ಅವಳಿಗೆ ಬಂದದ್ದು ಮನಸ್ಸಿನ ಕಾಯಿಲೆ. ನಿದ್ದೆ ಇಲ್ಲ, ಗುಂಡಿ ಹೊಲಿಯುತ್ತ ಕೂತಲ್ಲೇ ಅಳು. ಗಿರಾಕಿಗಳು ಕೇಳಿದರೆ, "ಕಣ್ಣಿಗೆ ಧೂಳು ಬಿತ್ತು" ಎಂದು ಇವನೇ ತೇಲಿಸಿಬಿಡುತ್ತಿದ್ದ.

ಡಾಕ್ಟರಮ್ಮ ಬರೆದುಕೊಟ್ಟದ್ದು ರಾತ್ರಿಗೆ ಅರ್ಧ ಮಾತ್ರೆ. "ಸ್ವಲ್ಪದ್ರಿಂದ ಶುರು ಮಾಡೋಣ. ಗುಣ ಕಾಣೋಕೆ ಕೆಲವು ವಾರ ಬೇಕು. ಒಗ್ಗುತ್ತಾ ನೋಡ್ಕೊಂಡು, ಬೇಕಾದ್ರೆ ಆಮೇಲೆ ಹೆಚ್ಚಿಸೋಣ" ಎಂದರು.

"ಅರ್ಧ ಮಾತ್ರೆ ಯಾವ ಮೂಲೆಗೆ ಸಾಕು!" ಎಂದು ದರ್ಜಿ ದಾರಿಯುದ್ದಕ್ಕೂ ಗೊಣಗಿದ. ಬೇಗ ವಾಸಿಯಾದರೆ ಜನರ ಬಾಯಿ ಮುಚ್ಚೀತು ಎಂಬ ಆತುರ ಅವನಿಗೆ. ಅವಳಿಗೆ ಹೇಳದೆ, ದಿನಾ ಇನ್ನೊಂದು ಮಾತ್ರೆ ಪುಡಿ ಮಾಡಿ ಹಾಲಿಗೆ ಬೆರೆಸಿದ. ಎಂಥ ಜಾಣ ನೋಡಿ!

ಅವಳು ಹಗಲಲ್ಲೂ ತೂಕಡಿಸತೊಡಗಿದಳು. ಒಂದು ದಿನ ಇಸ್ತ್ರಿ ಮಾಡುವಾಗ ಕೈ ಸುಟ್ಟುಕೊಂಡಳು. "ನನ್ನ ತಲೇನೇ ಕೆಟ್ಟಿದೆ. ನನ್ನಿಂದ ನಿಮ್ಮ ಮರ್ಯಾದೆ ಹೋಯ್ತು" ಎಂದು ಅವಳೇ ಅತ್ತಳು. ಅವನಿಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಆದರೂ ಹೇಳಲಿಲ್ಲ.

ಇಬ್ಬರೂ ಮತ್ತೆ ಹೋದಾಗ ಡಾಕ್ಟರಮ್ಮ ಕೈ ನೋಡಿ, ತೂಕಡಿಕೆಯ ವಿಷಯ ಕೇಳಿದರು. "ಅರ್ಧಕ್ಕೇ ಹೀಗಾಯ್ತಾ? ಹಾಗಾದ್ರೆ ಈ ಔಷಧಿ ಇವರಿಗೆ ಆಗಲ್ಲ. ಬಿಡಿಸಿ ಬೇರೆ ನೋಡ್ಬೇಕು."

ಒಗ್ಗಬಹುದಾಗಿದ್ದ ಔಷಧಿ ತನ್ನ ಸುಳ್ಳಿನಿಂದ ಅವಳ ಕೈತಪ್ಪುತ್ತಿದೆ ಎಂದು ಅವನಿಗೆ ಆಗ ಹೊಳೆಯಿತು.

"ಅರ್ಧ ಅಲ್ಲ ಮೇಡಂ..." ನೆಲ ನೋಡುತ್ತ ಎಲ್ಲ ಹೇಳಿದ.

"ಕತ್ತರಿ ಹಾಕೋ ಮುಂಚೆ ಅಳತೆ ತಗೋತೀರಲ್ವಾ? ನಾನೂ ಅಳತೇನೇ ತಗೋತಿದ್ದೆ. ನೀವು ಟೇಪು ಎಳೆದು ಅಳತೆ ಕೆಡಿಸಿಬಿಟ್ರಿ" ಎಂದರು ಡಾಕ್ಟರಮ್ಮ. "ಮತ್ತೆ ಅರ್ಧಕ್ಕೇ ಬರೋಣ. ಏನೇ ಅನ್ನಿಸಿದ್ರೂ ಮೊದಲು ನನಗೆ ಹೇಳಿ. ನೀವಾಗೇ ನಿಲ್ಲಿಸೋದೂ ಬೇಡ."

ಹೆಂಡತಿ ಬೈಯಲಿಲ್ಲ. "ಹಾಲು ಕಹಿ ಅನ್ನಿಸ್ತಿತ್ತು ಕಣ್ರೀ. ನೀವು ಕೊಟ್ಟಿದ್ದಲ್ವಾ ಅಂತ ಕುಡೀತಿದ್ದೆ" ಎಂದಳು ಅಷ್ಟೇ.

ಈಗ ಅವಳು ನಿಧಾನವಾಗಿ ಚೇತರಿಸಿಕೊಳ್ಳುತ್ತಿದ್ದಾಳೆ. ಗಿರಾಕಿಗಳು ಕೇಳಿದರೆ, "ಮನಸ್ಸಿಗೆ ಹುಷಾರಿರಲಿಲ್ಲ, ಔಷಧಿ ನಡೀತಿದೆ" ಎನ್ನುತ್ತಾನೆ ದರ್ಜಿ. ಹಾಲನ್ನು ಮಾತ್ರ ಅವಳೇ ಕಾಯಿಸಿಕೊಳ್ಳುತ್ತಾಳೆ.

ನಿಮ್ಮ ಮನೆಯಲ್ಲೂ ಯಾರಾದರೂ ಇಂಥ ಔಷಧಿ ತೆಗೆದುಕೊಳ್ಳುತ್ತಿದ್ದಾರಾ? ಡಾಕ್ಟರನ್ನು ಕೇಳದೆ ಹೆಚ್ಚಿಸಬೇಡಿ, ನಿಲ್ಲಿಸಬೇಡಿ. ಕದ್ದುಮುಚ್ಚಿ ಕೊಡಲೇಬೇಡಿ. ತಪ್ಪಾಗಿಹೋಗಿದ್ದರೆ ಇವತ್ತೇ ಹೋಗಿ ಹೇಳಿಬಿಡಿ. ಮುಖ ಸಣ್ಣದಾದರೆ ಆಗಲಿ.