ಕೊಕ್ಕರೆ ಮಾರ್ಕಿನ ಕೋಟು

ನಾನು ಹಾಕಿದ ಹೊಲಿಗೆಯನ್ನು ಹುಡುಕಬೇಕಾದರೆ ದೇವರೂ ಕನ್ನಡಕ ಹಾಕಿಕೊಳ್ಳಬೇಕು. ಬಡಾಯಿಯಲ್ಲ ಇದು. ಒಮ್ಮೆ ಒಬ್ಬ ಗಿರಾಕಿಯ ಹರಿದ ಪ್ಯಾಂಟನ್ನು ಎಷ್ಟು ನಾಜೂಕಾಗಿ ಸರಿಮಾಡಿದ್ದೆನೆಂದರೆ, ಇದು ತನ್ನದಲ್ಲ, ತನ್ನ ಹರಿದ ಪ್ಯಾಂಟೇ ಬೇಕು ಎಂದು ಅವನು ಸಂಜೆವರೆಗೆ ಹಟ ಹಿಡಿದು ಕೂತಿದ್ದ. ನಮ್ಮ ಬೀದಿಯ ಬೇರೆ ದರ್ಜಿಗಳು ನನ್ನ ಅಂಗಡಿಯ ಮುಂದೆ ಹಾಯುವಾಗ ನಾಚಿಕೆಯಿಂದ ಸೂಜಿಯನ್ನು ಜೇಬಿಗಿಳಿಸುತ್ತಾರೆ.

ಇಂಥ ನನಗೆ ಆ ಚಳಿಗಾಲ ಉಸಿರಾಡಲು ಪುರುಸೊತ್ತಿಲ್ಲದಷ್ಟು ಕೆಲಸ. ಕಾರಣ ಒಂದು ಕೊಕ್ಕರೆ.

ಊರಲ್ಲಿ ಅರ್ಧ ಜನ ಹಾಕುತ್ತಿದ್ದದ್ದು ಕೊಕ್ಕರೆ ಮಾರ್ಕಿನ ಕೋಟು. ಅದರ ಕಂಪನಿಯ ಮಾಲೀಕ ಚುನಾವಣೆಯಲ್ಲಿ ಒಂದು ಪಕ್ಷಕ್ಕೆ ದುಡ್ಡು ಸುರಿದನಂತೆ. ಸುದ್ದಿ ಬಂದ ಮರುದಿನದಿಂದ ಆ ಕೋಟು ಹಾಕಿದವರೆಲ್ಲ ದ್ರೋಹಿಗಳಾದರು. ಕೊಕ್ಕರೆಗೆ ವೋಟೇ ಇಲ್ಲ ಎನ್ನುವುದು ಯಾರ ತಲೆಗೂ ಹೊಳೆಯಲಿಲ್ಲ. ಎದುರು ಪಕ್ಷದವನಾದ ಔಷಧಿ ಅಂಗಡಿಯ ಮಾಲೀಕ ಮುಂದಾಳಾದ. ಅವನನ್ನು ನಾವೆಲ್ಲ ಕರೆಯುವುದು ಶಿಳ್ಳೆ ಎಂದೇ. ಬೀದಿಯ ತಿರುವಿನಲ್ಲಿ ನಿಂತು ಒಂದು ಶಿಳ್ಳೆ ಹೊಡೆದರೆ ಇಬ್ಬರು ಅಕ್ಕಪಕ್ಕ ಬಂದು ತೋಳು ಹಿಡಿಯುವರು, ಮೂರನೆಯವನು ಕಾಲರ್ ತಿರುಗಿಸಿ ಒಳಗಿನ ಲೇಬಲ್ ತೋರಿಸುವನು, ನಾಲ್ಕನೆಯವನು ಫೋಟೋ ಹೊಡೆಯುವನು. ಕೋಟಿನವರು ಕೂಗುವಷ್ಟರಲ್ಲಿ ಕೊಕ್ಕರೆ ಮತ್ತು ಅವರ ಮುಖ ಎರಡೂ ಊರಿನ ಎಲ್ಲ ಫೋನುಗಳಲ್ಲಿ. ಮೊದಲು ಸಿಕ್ಕಿದ್ದು ಬೇಕರಿಯವಳು. ಮೂರು ವಾರ ಅವಳ ಬ್ರೆಡ್ಡನ್ನು ಇಲಿಗಳೂ ಮುಟ್ಟಲಿಲ್ಲ.

ಆಮೇಲೆ ನೋಡಿ, ನನ್ನ ಅಂಗಡಿಗೆ ಸಾಲು. ಬಂದವರು ಮೊದಲು ಹಿಂದೆ ನೋಡುವರು, ಆಮೇಲೆ ಬಾಗಿಲು ಹಾಕುವರು, ಆಮೇಲೆ ಕೋಟು ಬಿಚ್ಚುವರು.

"ಅಣ್ಣಾ, ಈ ಲೇಬಲ್ ಒಂದು ತೆಗೆದುಬಿಡು. ಎಸೀಬೇಡ ಮತ್ತೆ! ಗಾಳಿ ತಿರುಗಿದ ಮೇಲೆ ವಾಪಸ್ ಹಾಕಿಸ್ಕೊಳ್ತೀನಿ."

ಎಲ್ಲರದೂ ಅದೇ ಮಾತು. ಕಂಪನಿ ಕೋಟಿನ ಹೆಮ್ಮೆಯೂ ಬಿಡಬಾರದು, ಕತ್ತೂ ಉಳಿಯಬೇಕು. ಒಂದೊಂದು ಲೇಬಲ್ಲಿಗೂ ಅವರ ಕಣ್ಣೆದುರೇ ಹೆಸರಿನ ಚೀಟಿ ಚುಚ್ಚಿ ಹಳೆಯ ಬಿಸ್ಕತ್ತಿನ ಡಬ್ಬಿಯಲ್ಲಿಟ್ಟೆ. ನಾಲ್ಕು ಸಾವಿರ ಕೊಕ್ಕರೆಗಳಾದವು. ಸರಿ, ನಾನೂರು. ಅಕ್ಕ ಎಣಿಸಿದಾಗ ನಲವತ್ಮೂರು ಬಂತು. ಆಕೆ ಲೆಕ್ಕದ ಟೀಚರ್, ಎಣಿಸುವುದರಲ್ಲಿ ಸ್ವಲ್ಪ ಜಿಪುಣಿ. ಆ ನಲವತ್ಮೂರರಲ್ಲಿ ಒಂದು ಶಿಳ್ಳೆಯದು. ಹಿತ್ತಿಲ ಬಾಗಿಲಿಂದ ಬಂದಿದ್ದ.

ಅಕ್ಕ ಮಾತ್ರ ತನ್ನ ಕೋಟನ್ನು ಮುಟ್ಟಗೊಡಲಿಲ್ಲ.

"ಒಂದು ನಿಮಿಷದ ಕೆಲಸ ಕಣೇ. ನೋವೇ ಆಗಲ್ಲ."

"ಕೋಟು ನಂದು, ವೋಟೂ ನಂದು. ಎರಡಕ್ಕೂ ನಿನ್ನ ಕತ್ತರಿ ಬೇಡ."

ನನಗೆ ಹೆಮ್ಮೆಯಾಯಿತು. ಹೆಮ್ಮೆಯಾದರೆ ನಾನು ಹೊಟ್ಟೆಯಲ್ಲಿಟ್ಟುಕೊಳ್ಳುವ ಪೈಕಿಯವನಲ್ಲ. ಮರುದಿನ ಪ್ಯಾಂಟು ಒಯ್ಯಲು ಶಿಳ್ಳೆ ಬಂದ. ಅಂಗಡಿಯಲ್ಲಿ ಇನ್ನೂ ನಾಲ್ಕು ಜನರಿದ್ದರು. ನಾನು ಮೆಷಿನ್ ತುಳಿಯುತ್ತಲೇ ಬಡಾಯಿ ಬಿಟ್ಟೆ: "ಈ ಊರಲ್ಲಿ ಎದೆಗಾರಿಕೆ ಇರೋದು ನಮ್ಮಕ್ಕ ಒಬ್ಬಳಿಗೇ ಕಣ್ರೀ! ಕೊಕ್ಕರೇನ ಕುತ್ತಿಗೇಲಿ ಕೂರಿಸ್ಕೊಂಡೇ ದಿನಾ ಶಾಲೆಗೆ ಹೋಗ್ತಾಳೆ. ಯಾರಿಗಾದ್ರೂ ತಿರುಗಿಸೋ ಧೈರ್ಯ ಇದ್ಯಾ?"

ಶಿಳ್ಳೆ ನಕ್ಕು ಪ್ಯಾಂಟು ಮಡಚಿಕೊಂಡು ಹೋದ. ಆ ನಗು ನನಗೆ ಅರ್ಥವಾಗುವಷ್ಟರಲ್ಲಿ ಬೆಳಗಾಗಿತ್ತು.

ಶಾಲೆಯ ಗೇಟಿನಲ್ಲೇ ಹಿಡಿದರು. ಮಕ್ಕಳು ಸಾಲಾಗಿ ನಿಂತು ನೋಡುತ್ತಿದ್ದಾಗಲೇ ಕಾಲರ್ ತಿರುಗಿಸಿದರು. ಅಕ್ಕ ಬಗ್ಗಲಿಲ್ಲ, ಕಾಲರ್ ಹರಿಯಿತು. ಫೋಟೋದಲ್ಲಿ ಆಕೆಯ ಬೈತಲೆ ಕೆದರಿದೆ, ಕೈಯಲ್ಲಿ ಉತ್ತರಪತ್ರಿಕೆಗಳ ಕಟ್ಟು ಹಾಗೇ ಇದೆ. ಮಧ್ಯಾಹ್ನದ ಹೊತ್ತಿಗೆ ಪೋಷಕರ ಸಮಿತಿ ಸಭೆ ಕರೆಯಿತು. ಸಮಿತಿಯ ಅಧ್ಯಕ್ಷ ಯಾರು? ಶಿಳ್ಳೆಯೇ. ಶುಕ್ರವಾರ ಸಂಜೆ ಐದಕ್ಕೆ ಎಲ್ಲರ ಎದುರು ತಪ್ಪಾಯಿತು ಎನ್ನಬೇಕು, ಇಲ್ಲವೇ ಇಪ್ಪತ್ತೆರಡು ವರ್ಷದ ಕೆಲಸ ಬಿಡಬೇಕು.

ಅಕ್ಕ ಅಂಗಡಿಗೆ ಬಂದಳು. ಕೂರಲಿಲ್ಲ.

"ಅವರಿಗೆ ಹೇಳಿದ್ದು ನೀನೇ ತಾನೆ?"

ನಾನು ಸೂಜಿಗೆ ದಾರ ಪೋಣಿಸುವವನಂತೆ ಕಣ್ಣು ಕಿರಿದು ಮಾಡಿದೆ. ಜನ್ಮದಲ್ಲಿ ಮೊದಲ ಸಲ ದಾರ ಹೋಗಲಿಲ್ಲ.

"ಅಕ್ಕಾ, ನೋಡಿಲ್ಲಿ." ಡಬ್ಬಿಯ ಮುಚ್ಚಳ ತೆಗೆದೆ. "ಎಲ್ಲರೂ ಇದಾರೆ. ಶಿಳ್ಳೇನೂ ಇದಾನೆ. ಶುಕ್ರವಾರ ಇದನ್ನ ಮೇಜಿನ ಮೇಲೆ ಸುರಿದುಬಿಡ್ತೀನಿ. ಒಬ್ಬೊಬ್ಬರ ಮುಖಾನೂ..."

ಆಕೆ ಒಂದೊಂದೇ ಚೀಟಿ ಓದಿದಳು, ಎಣಿಸಿದಳು. ತನ್ನ ಹಳೆಯ ವಿದ್ಯಾರ್ಥಿಗಳ ಹೆಸರು ಬಂದಾಗ ಬೆರಳು ಒಂದು ಕ್ಷಣ ನಿಲ್ಲುತ್ತಿತ್ತು.

"ಇವರೆಲ್ಲ ನಿನ್ನನ್ನ ನಂಬಿ ಕೊಟ್ಟಿದ್ದು."

"ನಿನ್ನ ಕೆಲಸ ಹೋಗುತ್ತಲ್ಲೇ! ನೀನು ವೋಟು ಹಾಕಿದ್ದು ಶಿಳ್ಳೆಯ ಪಕ್ಷಕ್ಕೇ ಅಲ್ವಾ? ಅದನ್ನಾದ್ರೂ ಹೇಳು."

"ಅದನ್ನ ನಿನಗೆ ಯಾಕೆ ಹೇಳಿದೆನೋ ಅಂತ ಇವತ್ತು ಅನ್ನಿಸ್ತಿದೆ." ಮುಚ್ಚಳ ಒತ್ತಿ ಹಾಕಿದಳು. "ನಿನ್ನ ಬಾಯಿಂದ ಸಿಕ್ಕಿಹಾಕಿಕೊಂಡೆ. ನಿನ್ನ ಬಾಯಿಂದಲೇ ಬಿಡಿಸಿಕೊಳ್ಳೋದು ಬೇಡ. ಇದನ್ನ ತೆಗೆದ್ರೆ ಇನ್ಮೇಲೆ ಅಕ್ಕ ಅಂತ ಕರೀಬೇಡ."

ಶುಕ್ರವಾರ ಶಾಲೆಯ ಸಭಾಂಗಣದಲ್ಲಿ ಹತ್ತು ಸಾವಿರ ಜನ. ಅದು ಹಿಡಿಯುವುದು ಅರವತ್ತು, ಆ ಮಾತು ಬೇರೆ. ಹೀಟರ್ ಕೆಟ್ಟಿತ್ತು, ಎಲ್ಲರೂ ಕೋಟಿನಲ್ಲೇ, ಮಕ್ಕಳ ಪುಟ್ಟ ಕುರ್ಚಿಗಳಲ್ಲಿ ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು. ನಾನು ಮುಂದಿನ ಸಾಲಿನಲ್ಲಿ ಕೂತೆ. ತೊಡೆಯ ಮೇಲೆ ಡಬ್ಬಿ. ತೆಗೆಯಬೇಡ ಎಂದಿದ್ದಳು ಅಕ್ಕ, ತರಬೇಡ ಎಂದಿರಲಿಲ್ಲ.

ಶಿಳ್ಳೆ ಎದ್ದ. "ಟೀಚರ್, ದೊಡ್ಡ ವಿಷಯ ಏನಲ್ಲ. ತಪ್ಪಾಯ್ತು ಅನ್ನಿ, ಲೇಬಲ್ ಇಲ್ಲೇ ಕೀಳಿಸಿ. ತಮ್ಮನೇ ದರ್ಜಿ, ಕತ್ತರಿ ತಂದಿರ್ತಾನೆ."

ಜನ ನಕ್ಕರು. ಅವನೂ ನಗುತ್ತ ನನ್ನತ್ತ ತಿರುಗಿದ. ಡಬ್ಬಿ ಕಂಡಿತು. ನಗು ಅರ್ಧಕ್ಕೇ ನಿಂತು ಮೂತಿ ಮಾತ್ರ ಹಾಗೇ ಉಳಿಯಿತು. ಆಮೇಲೆ ಹಿಂದಿನ ಸಾಲಿನಲ್ಲಿ ಒಬ್ಬೊಬ್ಬರದೇ ನಗು ಆರುವುದು ನನ್ನ ಬೆನ್ನಿಗೆ ಕೇಳಿಸಿತು.

ಅಲ್ಲಿ ಏನೂ ತಿಳಿಯದವರೆಂದರೆ ಹೆಡ್‌ಮಾಸ್ಟರು. ಪಾಪ, ಅವರದು ಹೆಂಡತಿ ಹೆಣೆದ ಸ್ವೆಟರ್. ಕುತೂಹಲದಿಂದ ಬಗ್ಗಿ ಕೇಳಿದರು: "ಡಬ್ಬೀಲಿ ಏನಪ್ಪಾ ಅದು?"

ಅರವತ್ತು ಜನರ ಉಸಿರು ನಿಂತಿತು. ಶಿಳ್ಳೆಯ ಹಣೆಯಲ್ಲಿ ಆ ಚಳಿಯಲ್ಲೂ ಬೆವರು. ಅಕ್ಕ ನನ್ನನ್ನೇ ನೋಡುತ್ತಿದ್ದಳು, ಚಿಕ್ಕಂದಿನಲ್ಲಿ ಮಗ್ಗಿ ತಪ್ಪುವ ಮೊದಲೇ ನೋಡುತ್ತಿದ್ದಳಲ್ಲ, ಹಾಗೆ. ನಾಲಿಗೆಯ ತುದಿಯಲ್ಲಿ ನಲವತ್ಮೂರು ಹೆಸರು ಕೂತು ನೂಕಾಡುತ್ತಿದ್ದವು. ಹೆಬ್ಬೆರಳು ಮುಚ್ಚಳದ ಅಂಚಿನಲ್ಲಿತ್ತು.

"ಗುಂಡಿ," ಎಂದೆ.

ಜೀವಮಾನದಲ್ಲಿ ನಿಜಕ್ಕಿಂತ ಚಿಕ್ಕದಾಗಿ ನಾನು ಹೇಳಿದ ಮಾತು ಅದೊಂದೇ.

ಅಕ್ಕ ಎದ್ದಳು. "ನಾನು ತಪ್ಪು ಮಾಡಿಲ್ಲ, ತಪ್ಪಾಯ್ತು ಅನ್ನಲ್ಲ. ನಾನು ಹೋಗಬೇಕು ಅನ್ನೋರು ಕೈ ಎತ್ತಿ. ಎಣಿಸೋದು ನಾನೇ."

ಕೈಗಳು ಎದ್ದವು. ಎದ್ದವು, ಭುಜದವರೆಗೆ ಬಂದವು, ಅಲ್ಲಿ ದಾರಿ ತಪ್ಪಿ ಕಾಲರಿಗೆ ಹೋದವು. ಒಬ್ಬ ಕತ್ತು ಕೆರೆದುಕೊಂಡ, ಒಬ್ಬಳು ಮಫ್ಲರ್ ಸರಿಮಾಡಿಕೊಂಡಳು. ಶಿಳ್ಳೆಯ ಕೈ ಜೇಬಿನಿಂದ ಹೊರಗೇ ಬರಲಿಲ್ಲ. ನೆಟ್ಟಗೆ ಮೇಲೆದ್ದದ್ದು ಐದೇ ಕೈ. ಎಲ್ಲಕ್ಕಿಂತ ಎತ್ತರದ್ದು ಬೇಕರಿಯವಳದು.

"ನಂಗಾದಾಗ ಯಾರೂ ಸಭೆ ಕರೀಲಿಲ್ಲ," ಎಂದಳು ಅವಳು, ಕೈ ಇಳಿಸದೆ. "ನೀವೂ ಬ್ರೆಡ್ ತಗೊಳ್ಳೋಕೆ ಬರ್ಲಿಲ್ಲ, ಟೀಚರ್."

ಅಕ್ಕನ ಮುಖ ಬಿಳಚಿಕೊಂಡಿತು. ಗೇಟಿನ ಹತ್ತಿರ ಆಗದದ್ದು ಇಲ್ಲಿ ಆಯಿತು, ತಲೆ ಬಗ್ಗಿತು. "ಬರಲಿಲ್ಲ. ನೀವು ಕೈ ಎತ್ತಿದ್ದು ಸರಿ," ಎಂದಳು. ಆಮೇಲೆ ಗಟ್ಟಿಯಾಗಿ: "ಐದು."

ಅಧ್ಯಕ್ಷರು ಸಭೆ ಮುಗಿಯಿತು ಎಂದರು. ಎಷ್ಟು ಮೆಲ್ಲಗೆಂದರೆ, ಎರಡು ಸಲ ಹೇಳಬೇಕಾಯಿತು.

ಮರುದಿನ ಹಿತ್ತಿಲ ಬಾಗಿಲಲ್ಲಿ ಶಿಳ್ಳೆ. "ಅಣ್ಣಾ, ನಂದೊಂದು ಸುಟ್ಟುಬಿಡು."

"ಯಾವುದು ಮಾರಾಯಾ? ನನ್ನ ಹತ್ರ ಇರೋದು ಬರೀ ಗುಂಡಿ."

ಅಕ್ಕ ಒಂಬತ್ತು ದಿನ ನನ್ನೊಡನೆ ಮಾತಾಡಲಿಲ್ಲ. ಹತ್ತನೆಯ ದಿನ ಕಂಕುಳಲ್ಲಿ ಬ್ರೆಡ್ಡಿನ ಪೊಟ್ಟಣ ಇಟ್ಟುಕೊಂಡು ಬಂದು ಕೋಟನ್ನು ಮೇಜಿನ ಮೇಲೆ ಹಾಕಿದಳು. ಕಾಲರ್ ಹರಿದಿತ್ತು, ಕೊಕ್ಕರೆ ಒಂದೇ ಎಳೆಯಲ್ಲಿ ನೇತಾಡುತ್ತಿತ್ತು.

"ದೇವರಿಗೂ ಕಾಣದ ಹಾಗೆ ಹೊಲಿದುಕೊಡ್ತೀನಿ, ನೋಡ್ತಿರು," ಎಂದೆ.

"ಬೇಡ. ಕಾಣೋ ಹಾಗೆ ಹಾಕು."

ಕೆಂಪು ದಾರ ತೆಗೆದೆ. ಲೇಬಲ್ಲಿನ ನಾಲ್ಕೂ ಕಡೆ ದಪ್ಪ ದಪ್ಪ ಹೊಲಿಗೆ ಹಾಕಿದೆ, ನನ್ನ ಕೈ ಇಂಥದ್ದನ್ನು ಹಿಂದೆಂದೂ ಮಾಡಿರಲಿಲ್ಲ. ಅಕ್ಕ ಬೆಳಕಿಗೆ ಹಿಡಿದು ನೋಡಿದಳು.

"ಸೊಟ್ಟಗಿದೆ," ಎಂದಳು.

ನನ್ನ ಹೊಲಿಗೆಯನ್ನು! ಹೇಳಲು ನನ್ನಲ್ಲಿ ನೂರು ಮಾತಿದ್ದವು. ಬಾಯಲ್ಲಿ ಸೂಜಿ ಕಚ್ಚಿಕೊಂಡು ಸುಮ್ಮನೆ ಕೂತೆ.