ಸ್ನಾನ ಮಾಡಿಸಿದವಳ ಮಾತು

"ಇನ್ನೊಂದು ತಂಬಿಗೆ ತಣ್ಣೀರು ಬೆರೆಸಿ," ಎಂದು ಸುಮಯ್ಯ ಹಂಡೆಯ ನೀರಿನಿಂದ ಮೊಣಕೈ ಎತ್ತಿದಳು.

ಪಕ್ಕದ ಮನೆಯ ಲಿಂಗಮ್ಮ ತಂಬಿಗೆ ಬಗ್ಗಿಸಿದಳು. ನೀರು ಕಾದದ್ದು ಅವಳ ಒಲೆಯಲ್ಲೇ. "ಇವ್ಳು ಇದ್ದಿದ್ರೆ ನಂಗೆ ಬೈಯೋಳು ಕಣೇ. ಸತ್ತೋರಿಗೂ ಮೈ ಸುಡ್ತದೆ ಲಿಂಗಮ್ಮ, ಕೋಳಿ ಪುಕ್ಕ ಕೀಳೋಕೆ ಕಾಯಿಸಿದೀಯಾ ಅನ್ನೋಳು," ಎಂದು ನಗಲು ಹೋಗಿ, ಸೆರಗನ್ನು ಬಾಯಿಗೆ ಒತ್ತಿಕೊಂಡು ಆಚೆ ಹೋದಳು.

ಹಿತ್ತಲಲ್ಲಿ ಸೀರೆ ಕಟ್ಟಿ ಮರೆ ಮಾಡಿದ್ದರು. ಒಳಗೆ ಹಲಗೆಯ ಮೇಲೆ ಮಹಬೂಬ್ ಬಿ. ಅಜ್ಜಂಪುರದ ಮುಸ್ಲಿಂ ಮನೆಗಳಲ್ಲಿ ಹೆಂಗಸರು ತೀರಿಕೊಂಡರೆ ಕೊನೆಯ ಸ್ನಾನ ಮಾಡಿಸುತ್ತಿದ್ದವಳು ಒಂದು ಕಾಲಕ್ಕೆ ಅವಳೇ. ಹನ್ನೆರಡು ವರ್ಷಗಳಿಂದ ಆ ಕೆಲಸ ಸುಮಯ್ಯನದು. ಎದುರುಬದುರು ಮನೆಯಾದರೂ ಇಬ್ಬರ ನಡುವೆ ಹದಿನೆಂಟು ವರ್ಷಗಳಿಂದ ಮಾತಿರಲಿಲ್ಲ. ಬೆಳಿಗ್ಗೆ ಮಹಬೂಬ್ ಬಿಯ ಮಗ ಬಿಲಾಲ್ ಬಂದು, "ಸುಮಯ್ಯನೇ ಮಾಡಿಸ್ಬೇಕು ಅಂತ ಅಮ್ಮೀ ಹೇಳಿದ್ರು ಆಪಾ," ಎಂದು ತಲೆ ತಗ್ಗಿಸಿ ನಿಂತಿದ್ದ. ಸುಮಯ್ಯ ಹೊಲಿಗೆ ಮಿಶನ್ನಿನ ಮೇಲಿದ್ದ ಬಟ್ಟೆ ಮಡಿಸಿಟ್ಟು ಬಂದಿದ್ದಳು.

ಸೊಸೆ ಉಮ್ಮೆ ಹಾನಿ ನೀರು ಹಾಕುತ್ತಿದ್ದಳು. ಎಡಕ್ಕೆ ಹೊರಳಿಸಿದಾಗ, ಮೇಲೆ ಹೊದಿಸಿದ್ದ ಬಟ್ಟೆಯ ಕೆಳಗೆ ಸುಮಯ್ಯನ ಕೈ ನಿಂತಿತು. ಸೊಂಟದ ಹಿಂದೆ ಹಾಸಿಗೆ ಹುಣ್ಣು. ಅಂಗೈಯಗಲ.

ಉಮ್ಮೆ ಹಾನಿ ಮಗ್ಗು ಕೆಳಗಿಟ್ಟಳು. "ಮೂರು ತಿಂಗ್ಳು ನಾನೊಬ್ಳೇ ಹೊರಳಿಸಿದೆ ಆಪಾ. ಕೊನೇ ಹದಿನೈದು ದಿನ ನಂಗೇ ಸೊಂಟ ಹಿಡ್ಕೊಂಡ್ಬಿಡ್ತು, ಆಗ್ಲಿಲ್ಲ. ತರೀಕೆರೆಯಿಂದ ನಾದಿನಿ ಬತ್ತಾವ್ರೆ. ಅವ್ರಿಗೆ ಗೊತ್ತಾದ್ರೆ ಊರಲ್ಲಿ ನಾನು ತಲೆ ಎತ್ತಂಗಿಲ್ಲ."

"ನೀರು ಹಾಕು," ಎಂದಳು ಸುಮಯ್ಯ.

*

ಹದಿನೆಂಟು ವರ್ಷಗಳ ಹಿಂದೆ ಸುಮಯ್ಯನ ತಾಯಿಗೆ ಸ್ನಾನ ಮಾಡಿಸಿದವಳು ಮಹಬೂಬ್ ಬಿ. ಸ್ನಾನ ಮಾಡಿಸಿದವರು ಮೈಮೇಲೆ ಕಂಡ ಊನವನ್ನು ಮುಚ್ಚಬೇಕು, ಒಳ್ಳೆಯದನ್ನಷ್ಟೇ ಆಡಬೇಕು. ಚಿಕ್ಕಂದಿನಲ್ಲಿ ಸುಮಯ್ಯನ ತಲೆ ಬಾಚುತ್ತ ಇದನ್ನು ಹೇಳಿಕೊಟ್ಟವಳೂ ಅವಳೇ. ಆದರೆ ಮೂರನೆಯ ದಿನ, ಫಾತಿಹಾ ಪ್ರಾರ್ಥನೆಗೆ ಸೇರಿದ್ದ ಹೆಂಗಸರ ಮುಂದೆ ತೀರಿಹೋದ ಗೆಳತಿಯನ್ನು ಹೊಗಳುತ್ತ ಹೊಗಳುತ್ತ ಅವಳ ಬಾಯಿಂದ ಬಂದುಬಿಟ್ಟಿತು: "ಬೆನ್ನ ತುಂಬಾ ಬಿಳೀ ಮಚ್ಚೆ, ಪಾಪ. ಯಾರಿಗೂ ಗೊತ್ತಾಗ್ದಂಗೆ ಬಾಳಿದ್ಲು. ಎಂಥಾ ತಾಳ್ಮೆ ಕಣ್ರೇ!"

ಆ ಗುಂಪಿನಲ್ಲಿ ಕಡೂರಿನಿಂದ ಬಂದಿದ್ದ, ಸುಮಯ್ಯನಿಗೆ ಅತ್ತೆಯಾಗಬೇಕಿದ್ದ ಹೆಂಗಸೂ ಇದ್ದಳು. ವಾರ ಕಳೆಯುವುದರೊಳಗೆ ಹುಡುಗನ ಸೋದರಮಾವ ಬಂದು, ತಾಯಿಯ ತೊನ್ನು ಮಗಳಿಗೂ ಬರುತ್ತದೆಂದು ನಿಶ್ಚಿತಾರ್ಥಕ್ಕೆ ಕೊಟ್ಟಿದ್ದ ಸೀರೆಯನ್ನು ವಾಪಸು ಕೇಳಿದ. ಆಮೇಲೆ ಯಾವ ಸಂಬಂಧವೂ ಕೂಡಿಬರಲಿಲ್ಲ.

ಅಂದಿನಿಂದ ಮಹಬೂಬ್ ಬಿ ಯಾರು ಕರೆದರೂ ಸ್ನಾನ ಮಾಡಿಸಲು ಹೋಗಲಿಲ್ಲ. ಮೊದಮೊದಲು ಸುಮಯ್ಯನ ಮನೆಯ ಮುಂದೆ ಬಂದು ನಿಲ್ಲುತ್ತಿದ್ದಳು. "ಸುಮ್ಮೂ, ಒಂದು ಮಾತು..." ಸುಮಯ್ಯ ಮಿಶನ್ನನ್ನು ಇನ್ನಷ್ಟು ಜೋರಾಗಿ ತುಳಿಯುತ್ತಿದ್ದಳು. ಆಮೇಲಾಮೇಲೆ ಮಹಬೂಬ್ ಬಿ ತನ್ನ ಜಗಲಿಯ ಮೇಲೆ ಕೂತೇ ನೋಡುತ್ತಿದ್ದಳು. ಕೊನೆಯ ಮೂರು ತಿಂಗಳು ಜಗಲಿ ಖಾಲಿಯಿತ್ತು. ಸುಮಯ್ಯ ದಿನಕ್ಕೆ ಹತ್ತು ಸಲ ಆ ಕಡೆ ನೋಡಿ, ನೋಡಲಿಲ್ಲ ಎಂದುಕೊಂಡಳು.

*

ಕಫನ್ ಬಟ್ಟೆ ಸುತ್ತಿ ಮುಗಿದ ಮೇಲೆ ಮಗಳು ಖಮರುನ್ನಿಸಾ ತರೀಕೆರೆಯಿಂದ ಬಂದಳು. ಎರಡು ಬಸ್ಸು ತಪ್ಪಿತ್ತು. ತಾಯಿಯ ಮುಖ ನೋಡಿ, ನೆಲಕ್ಕೆ ಕುಸಿದು ಅತ್ತಳು.

"ನಾನು ಬರೋಗಂಟ ತಡೀಬಾರ್ದಿತ್ತಾ? ನಮ್ಮಮ್ಮಿಗೆ ಒಂದು ಚೊಂಬು ನೀರು ಹಾಕೋ ಪುಣ್ಯಾನೂ ಇಲ್ವಾ ನಂಗೆ?"

"ಮಧ್ಯಾಹ್ನದ ಜುಹರ್ ನಮಾಜಿಗೆ ಒಯ್ಬೇಕು ಅಂತ ಗಂಡಸರು ಅವಸರ ಮಾಡಿದ್ರು ಆಪಾ," ಎಂದಳು ಸುಮಯ್ಯ.

ಖಮರುನ್ನಿಸಾ ಅವಳ ಮಣಿಕಟ್ಟು ಹಿಡಿದಳು. "ನಿಜ ಹೇಳು ಸುಮ್ಮೂ. ಅಮ್ಮೀ ಮೈ ಹೆಂಗಿತ್ತು? ಫೋನ್ ಮಾಡ್ದಾಗೆಲ್ಲ ಚೆನ್ನಾಗವ್ರೆ, ಚೆನ್ನಾಗವ್ರೆ ಅನ್ನೋಳು ಇವ್ಳು. ನೀನು ಕಣ್ಣಾರೆ ಕಂಡೋಳು. ಹೇಳು."

ನಡುಮನೆಯ ತುಂಬ ಹೆಂಗಸರು. ಎಲ್ಲರೂ ಸುಮಯ್ಯನ ಬಾಯಿ ನೋಡಿದರು. ಉಮ್ಮೆ ಹಾನಿ ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದಳು. ಒಂದು ಮಾತು ಸಾಕಿತ್ತು, ಸೊಸೆಯ ಹೆಸರು ಸಂಜೆಯೊಳಗೆ ಊರೆಲ್ಲ ಕೆಡುತ್ತಿತ್ತು, ಮಹಬೂಬ್ ಬಿಯ ಮೈ ಹೆಂಗಸರ ಬಾಯಿಗೆ ಬೀಳುತ್ತಿತ್ತು. ಒಂದು ಮಾತು ಏನೆಲ್ಲ ಮಾಡಬಲ್ಲದೆಂದು ಸುಮಯ್ಯನಷ್ಟು ಬಲ್ಲವರು ಅಲ್ಲಿ ಯಾರೂ ಇರಲಿಲ್ಲ. ಅದು ನಾಲಿಗೆಯ ತುದಿಯಲ್ಲಿತ್ತು.

"ನೆತ್ತೀಲಿ ಎಣ್ಣೆ ಇತ್ತು," ಎಂದಳು. "ಕೊಬ್ಬರಿ ಎಣ್ಣೆ. ಕೂದ್ಲು ಒಂಚೂರೂ ಗಂಟಾಗಿರ್ಲಿಲ್ಲ, ಬಾಚಣಿಗೆ ಸರಾಗ ಇಳೀತು. ನಮ್ಮ ಪದ್ಧತಿಯಂಗೇ ಮೂರು ಜಡೆ ಹಾಕಿದೀನಿ. ಉಗುರು ಕತ್ತರಿಸಿತ್ತು. ಹಿಮ್ಮಡೀಲಿ ಒಂದು ಬಿರುಕಿಲ್ಲ ಆಪಾ, ಎಪ್ಪತ್ತೈದು ವರ್ಷದ ಹಿಮ್ಮಡೀಲಿ! ಯಾರೋ ದಿನಾ ಕೂತ್ಕೊಂಡು ಎಣ್ಣೆ ಉಜ್ಜವ್ರೆ."

ಹೇಳುತ್ತ ಹೇಳುತ್ತ, ತಾನು ಯಾರ ಹಾಗೆ ಮಾತಾಡುತ್ತಿದ್ದೇನೆಂದು ಅವಳಿಗೆ ಹೊಳೆಯಿತು. ಆ ಮೂರನೆಯ ದಿನ ಮಹಬೂಬ್ ಬಿಯೂ ಅಮ್ಮನ ಬಗ್ಗೆ ಹೀಗೇ ಒಂದೊಂದಾಗಿ ಎತ್ತಿ ಆಡಿದ್ದಳು. ಅವಳ ಬೆರಳಲ್ಲಿ ಇನ್ನೂ ಮೆಂತ್ಯದ ಘಮ ಇತ್ತು ಕಣ್ರೇ. ಮಗಳಿಗೆ ಹೊಲಿದೂ ಹೊಲಿದೂ ತೋರುಬೆರಳು ಜಲ್ಲಡಿ ಆಗಿತ್ತು. ನಿದ್ದೇಲಿ ಏನೋ ನೆನೆಸ್ಕೊಂಡು ನಕ್ಕಂಗಿತ್ತು ಮುಖ. ಹದಿನೆಂಟು ವರ್ಷ ಸುಮಯ್ಯ ಒಂದೇ ಮಾತನ್ನು ಇಟ್ಟುಕೊಂಡು ಮಿಕ್ಕವನ್ನೆಲ್ಲ ಆಚೆ ನಿಲ್ಲಿಸಿದ್ದಳು. ಅಮ್ಮನ ಬೆರಳಿನ ಮೆಂತ್ಯದ ಘಮವನ್ನೂ.

"ಮುಖಾನೂ..." ಎಂದು ನಿಲ್ಲಿಸಿದಳು.

ಖಮರುನ್ನಿಸಾ ಎದ್ದು ಹೋಗಿ ಉಮ್ಮೆ ಹಾನಿಯ ಪಕ್ಕ ಕೂತಳು. ಅವಳ ತಲೆಯ ಮೇಲೆ ಕೈಯಿಟ್ಟಳು.

ಜನಾಜದ ಮಂಚ ಎತ್ತಿದರು. ಹೆಂಗಸರು ಬಾಗಿಲ ತನಕ ಬಂದು ನಿಂತರು. ಖಬರಸ್ತಾನಕ್ಕೆ ಅವರು ಹೋಗುವಂತಿಲ್ಲ. ಗಂಡಸರು ಬೀದಿಯ ಕೊನೆ ತಲುಪುವಷ್ಟರಲ್ಲಿ ಗಂಟೆ ಬಾರಿಸಿ ರೈಲ್ವೆ ಗೇಟು ಬಿತ್ತು.

"ಶಿವನಿ ಕಡೆಯಿಂದ ಗೂಡ್ಸ್ ಬತ್ತೈತೆ," ಎಂದಳು ಲಿಂಗಮ್ಮ, ಮೂಗು ಒರೆಸಿಕೊಳ್ಳುತ್ತ. "ಎದ್ದು ಹೋಗೋಕೆ ಯಾವತ್ತು ಅವಸರ ಇತ್ತು ಇವ್ಳಿಗೆ! ಬಾಗಿಲಲ್ಲೇ ಅರ್ಧ ಗಂಟೆ ನಿಂತು ಮಾತಾಡೋಳು."

ಗಂಡಸರು ಹೆಗಲು ಬದಲಿಸಿಕೊಂಡು ಗೇಟಿನ ಈಚೆ ನಿಂತರು. ಜನಾಜದ ಮೇಲಿನ ಹಸಿರು ಚಾದರ ಗಾಳಿಗೆ ಏಳುತ್ತಿತ್ತು, ಕೂರುತ್ತಿತ್ತು. ಸುಮಯ್ಯ ಒದ್ದೆ ತೋಳಿನಲ್ಲೇ ಬೀದಿಗಿಳಿದು ನೋಡಿದಳು. ವ್ಯಾಗನ್ನುಗಳು ಒಂದರ ಹಿಂದೊಂದು ಹೋಗುತ್ತಲೇ ಇದ್ದವು. ತುಟಿ ಅಲ್ಲಾಡಿಸದೆ ಅವಳು, ಇನ್ನೊಂದು ಬರಲಿ, ಇನ್ನೊಂದು ಬರಲಿ, ಎನ್ನುತ್ತಿದ್ದಳು.